ಬೀಗಕ್ಕೆ ತೂಗುಹಾಕಿದ ಫೋಟೋ

ಸದಾ ಇರುವವನು ದೇವರೊಬ್ಬನೇ, ಉಳಿದ ನಾವೆಲ್ಲ ಇದ್ದೂ ಇಲ್ಲದವರು. ನಮ್ಮೂರ ಅಜ್ಜಿಯರು ಯಾವ ಕಥೆಯನ್ನು ತೆಗೆದರೂ ಮೊದಲು ಈ ಮಾತು ಹೇಳುತ್ತಿದ್ದರು. ನಾವು ಆಕಳಿಸುತ್ತ ತಲೆಯಾಡಿಸುತ್ತಿದ್ದೆವು. ಅದರ ಅರ್ಥ ಊರಿಗೆ ಸರಿಯಾಗಿ ತಿಳಿದದ್ದು ಪಿಸ್ತಾ ಸುಗ್ಗಿಯ ಒಂದು ಮಧ್ಯಾಹ್ನ, ನುಸ್ರತ್ ಎಂಬ ಬಡಪಾಯಿ ಇದ್ದಕ್ಕಿದ್ದಂತೆ ಇಲ್ಲದವನಾದಾಗ.

ನುಸ್ರತ್ ನಮ್ಮ ಸಹಕಾರ ಸಂಘದ ಶೆಡ್ಡಿನಲ್ಲಿ ಪಿಸ್ತಾ ಸುಲಿಯುವ ಮಶೀನು ನೋಡಿಕೊಳ್ಳುವವನು. ಒಳ್ಳೆಯವನು. ಆದರೆ ದೇವರು ಅವನನ್ನು ಮಾಡುವಾಗ ಮಣ್ಣಿಗೆ ನೀರು ತುಸು ಹೆಚ್ಚು ಹಾಕಿದ್ದ. ಒಂಟೆ ಕಳೆದುಹೋಗಿದೆ ಎಂದು ಯಾರಾದರೂ ಅತ್ತರೆ, ತನ್ನ ಮನೆಯ ಒಲೆಯ ಹಿಂದೆಯೂ ಒಮ್ಮೆ ನೋಡಿ ಬರುವಂಥ ಮನುಷ್ಯ.

ಅವನ ಬಾಳಿನಲ್ಲಿ ಒಂದೇ ಒಂದು ಮುಳ್ಳಿತ್ತು. ಅವನ ಅಣ್ಣ ಸಫ್ದರ್ ಒಂದು ಕಾಲಕ್ಕೆ ಈ ಸೀಮೆಗೆಲ್ಲ ಹೆಸರಾದ ಕಸಿಗಾರ. ಇವತ್ತು ನಮ್ಮ ತೋಟಗಳಲ್ಲಿ ಕಾಯಿ ಬಿಡುವ ಮರಗಳಲ್ಲಿ ಅವನ ಬೆರಳು ಕಸಿಯ ಕಣ್ಣು ಕೂಡಿಸದ ಮರ ಕಡಿಮೆ. ಹಿಂದೊಂದು ಸುಗ್ಗಿಯಲ್ಲಿ ಅವನೂ ತಮ್ಮನ ಜೊತೆ ಮಶೀನಿಗೆ ನಿಂತಿದ್ದ. ಒಳಗೆ ಸಿಕ್ಕಿಕೊಂಡ ಕಡ್ಡಿ ತೆಗೆಯಲು ಕೈ ಹಾಕಿದ್ದಾಗ ನುಸ್ರತ್ ಸ್ವಿಚ್ ಒತ್ತಿಬಿಟ್ಟ. ಬಲಗೈಯ ಬೆರಳುಗಳು ಹೋದವು. ಹೆಬ್ಬೆರಳು, ತೋರುಬೆರಳು ಮಾತ್ರ ಉಳಿದವು. ಅವತ್ತಿನಿಂದ ಸಫ್ದರ್ ಕಸಿ ಕಟ್ಟಲಿಲ್ಲ, ತಮ್ಮನ ಜೊತೆ ಮಾತಾಡಲಿಲ್ಲ. ನುಸ್ರತ್ ಹೊಸ ವರ್ಷದ ಪ್ರತಿ ನೌರೋಜ್ ಹಬ್ಬಕ್ಕೂ ಅಣ್ಣನ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ. ಬಾಗಿಲು ತೆರೆಯುತ್ತಿತ್ತು, ಚಹಾ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.

ಈ ಸಲ ಸುಗ್ಗಿಗೆ ಮುಂಚೆ ಪೇಟೆಯಿಂದ ಸುರಕ್ಷತೆಯ ಎಂಜಿನಿಯರ್ ಬಂದರು. ಶೆಡ್ಡಿನ ಗಂಡಸರನ್ನೆಲ್ಲ ಕೂಡಿಸಿ ಒಂದು ಕೆಂಪು ಬೀಗ ಎತ್ತಿ ತೋರಿಸಿದರು.

"ಮಶೀನಿನೊಳಗೆ ಕೈ ಹಾಕೋ ಮೊದಲು ಸ್ವಿಚ್ ಆರಿಸಿ, ಪೆಟ್ಟಿಗೆ ಮುಚ್ಚಿ, ಈ ಬೀಗ ಹಾಕಬೇಕು. ಕೀಲಿ ನಿಮ್ಮ ಮೈಮೇಲೇ ಇರಬೇಕು. ಹಾಕಿದವನೇ ತೆಗೀಬೇಕು. ಬೇರೆ ಯಾರೂ ಮುಟ್ಟೋ ಹಾಗಿಲ್ಲ."

"ನಾನು?" ಎಂದರು ಹಾಜಿ ಯಾವರ್, ಸಂಘದ ಅಧ್ಯಕ್ಷರು.

"ನೀವೂ ಮುಟ್ಟೋ ಹಾಗಿಲ್ಲ."

"ನಾನು ಅಧ್ಯಕ್ಷ ಕಣಪ್ಪಾ!"

"ಅಧ್ಯಕ್ಷರ ಕೈಯನ್ನೂ ಮಶೀನು ಅಷ್ಟೇ ಚೆನ್ನಾಗಿ ಸುಲಿಯತ್ತೆ, ಹಾಜಿ."

ಹಾಜಿ ಜಪಮಣಿಯನ್ನು ಜೋರಾಗಿ ತಿರುಗಿಸುತ್ತ ಹೊರಗೆ ನಡೆದರು, ಉಳಿದ ಗಂಡಸರೂ ಅವರ ಹಿಂದೆಯೇ ಎದ್ದುಹೋದರು. ಎಂಜಿನಿಯರ್ ಬೀಗವನ್ನು ನುಸ್ರತನ ಕೈಗೆ ಕೊಟ್ಟು, "ಇದರ ಜೊತೆ ನಿನ್ನ ಫೋಟೋ ಇರೋ ಚೀಟಿನೂ ತೂಗುಹಾಕಬೇಕು. ಯಾರ ಬೀಗ ಅಂತ ದೂರದಿಂದಲೇ ಗೊತ್ತಾಗಲಿ. ಒಂದು ಫೋಟೋ ತೆಗೆಸ್ಕೊಂಡು ಬಂದು ನನ್ನ ಆಫೀಸಿಗೆ ಕೊಡು" ಎಂದರು.

ನುಸ್ರತನ ಎದೆ ಹಿಗ್ಗಿತು. ಜೀವಮಾನದಲ್ಲಿ ಯಾರೂ ಅವನ ಫೋಟೋ ಕೇಳಿರಲಿಲ್ಲ. ಮೊಹರಮ್ಮಿಗೆ ಹೊಲಿಸಿದ ಕರಿ ಅಂಗಿ ತೊಟ್ಟು ಪೇಟೆಯ ಸ್ಟುಡಿಯೋಗೆ ಹೋದ. ಸ್ಟುಡಿಯೋದವನು, "ಯಾತಕ್ಕೆ ಫೋಟೋ?" ಎಂದ. "ಊರಲ್ಲಿ ಎಲ್ಲರಿಗೂ ಕಾಣೋ ಹಾಗೆ ತೂಗುಹಾಕೋಕೆ" ಎಂದ ನುಸ್ರತ್. ಸ್ಟುಡಿಯೋದವನು ಅವನ ಕರಿ ಅಂಗಿ ನೋಡಿದ, ಗಂಭೀರ ಮುಖ ನೋಡಿದ, ಅನುಭವಸ್ಥನಂತೆ ತಲೆಯಾಡಿಸಿದ. ಫೋಟೋದ ಹಿಂದೆ ನೀಲಿ ಆಕಾಶ ಬಂತು, ಬಿಳಿ ಮೋಡ ಬಂತು, ಎರಡು ಪಾರಿವಾಳ ಬಂದವು, ಕೆಳಗೆ ಕೆಂಪು ಟ್ಯೂಲಿಪ್ ಹೂ ಬಂದವು. ಎಂಜಿನಿಯರರ ಆಫೀಸಿನವರು ಅದರ ಸುತ್ತ ತಮ್ಮ ನಿಯಮದಂತೆ ಕಪ್ಪು ಪಟ್ಟಿ ಬಳಿದು, ಕೆಳಗೆ ಹೆಸರು ಬರೆದು, ಪ್ಲಾಸ್ಟಿಕ್ ಹೊದಿಸಿ ಕೊಟ್ಟರು. ಚಹಾ ತಟ್ಟೆಯಷ್ಟು ದೊಡ್ಡದಿತ್ತು. ನುಸ್ರತ್ ಅದನ್ನು ಯಾರಿಗೂ ತೋರಿಸಲಿಲ್ಲ. ತಕ್ಕ ಸಮಯ ಬಂದಾಗ ಊರೇ ನೋಡಲಿ ಎಂದು ಬಟ್ಟೆಯಲ್ಲಿ ಸುತ್ತಿ ಇಟ್ಟ.

ಓದುಗರು ಇಲ್ಲೊಂದು ವಿಷಯ ನೆನಪಿಡಬೇಕು. ನಮ್ಮ ಕಡೆ ಕಪ್ಪು ಪಟ್ಟಿಯ ಫೋಟೋ ಬೀದಿಗೆ ಬರುವುದು ಒಂದೇ ಕಾರಣಕ್ಕೆ. ಆ ಕಾರಣ ಬಂದಾಗ ಫೋಟೋದಲ್ಲಿರುವವನು ಅದನ್ನು ನೋಡಲು ಇರುವುದಿಲ್ಲ.

ತಕ್ಕ ಸಮಯ ಒಂದು ಗುರುವಾರ ಬಂತು. ಮಧ್ಯಾಹ್ನದ ನಮಾಜಿಗೂ ಊಟಕ್ಕೂ ಎಲ್ಲರೂ ಮನೆಗೆ ಹೋಗಿದ್ದಾಗ ಮಶೀನು ಕರಕರ ಎಂದು ನಿಂತಿತು. ನುಸ್ರತ್ ಒಬ್ಬನೇ ಇದ್ದ. ಎಂಜಿನಿಯರ್ ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡಿದ. ಸ್ವಿಚ್ ಆರಿಸಿ, ಬೀಗ ಹಾಕಿ, ಬಟ್ಟೆ ಬಿಚ್ಚಿ ಫೋಟೋ ತೂಗುಹಾಕಿದ. ಎರಡು ಹೆಜ್ಜೆ ಹಿಂದೆ ನಿಂತು ನೋಡಿಕೊಂಡ. ಬಿಸ್ಮಿಲ್ಲಾ ಎಂದು ಒಳಗೆ ಕೈ ಹಾಕಿ ನೋಡಿದರೆ ಬೆಲ್ಟು ಹರಿದಿತ್ತು. ಹೊಸ ಬೆಲ್ಟು ಪೇಟೆಯಲ್ಲೇ ಸಿಗಬೇಕು. ಪೇಟೆಗೆ ಹೋಗುವವನು ಕೆಲಸದ ಚಪ್ಪಲಿಯಲ್ಲಿ ಹೋಗುತ್ತಾನೆಯೇ? ಅದನ್ನು ಮಶೀನಿನ ಬುಡದಲ್ಲಿ ಜೋಡಿಸಿಟ್ಟು ಬೂಟು ಮೆಟ್ಟಿದ. ಕೆಲಸದ ಕೋಟನ್ನು ಮಶೀನಿನ ಹಿಂದಿನ ಮೊಳೆಗೆ ಸಿಕ್ಕಿಸಿದ. ಅದರ ಕಿಸೆಯಲ್ಲಿ ಫೋನು ಉಳಿಯಿತು. ಬೀಗದ ಕೀಲಿ ಮಾತ್ರ ಕೊರಳಲ್ಲಿತ್ತು. ಮೋಟರ್‌ಸೈಕಲ್ ಹತ್ತಿ ಹೊರಟುಹೋದ.

ಯಾರಿಗಾದರೂ ಒಂದು ಮಾತು ಹೇಳಿ ಹೋಗು ಎಂದು ಎಂಜಿನಿಯರ್ ಹೇಳಿರಲಿಲ್ಲ.

ಊಟ ಮುಗಿಸಿ ಮೊದಲು ಬಂದವಳು ತೂಬಾ, ಪಿಸ್ತಾ ಆರಿಸುವ ಹೆಂಗಸರ ಯಜಮಾನಿ. ಬಾಗಿಲಲ್ಲೇ ಕಂಬವಾಗಿ ನಿಂತಳು. ಎದುರಿಗೆ ಕಪ್ಪು ಪಟ್ಟಿಯೊಳಗಿನಿಂದ ನುಸ್ರತ್ ಮೋಡ ಪಾರಿವಾಳಗಳ ನಡುವೆ ಅವಳನ್ನೇ ನೋಡುತ್ತಿದ್ದ. ಕೆಳಗೆ ಜೋಡಿಸಿಟ್ಟ ಚಪ್ಪಲಿ. ಅದರ ಪಕ್ಕ ಸುಲಿದ ಸಿಪ್ಪೆಯ ಕೆಂಪು ರಸ ನೆಲದ ಮೇಲೆ ಹರಿದಿತ್ತು.

"ಅಯ್ಯೋ, ನಮ್ಮ ನುಸ್ರತ್ ಹೋಗ್ಬಿಟ್ಟ!" ಎಂದು ಅವಳು ತಲೆ ಚಚ್ಚಿಕೊಂಡ ಸದ್ದಿಗೆ ಹಾಜಿ ಯಾವರ್ ಬಾಯಲ್ಲಿದ್ದ ತುತ್ತಿನ ಸಮೇತ ಓಡಿಬಂದರು. ಹಿಂದೆ ಮುಲ್ಲಾ ರಜಬ್, ಅವರ ಹಿಂದೆ ಊರು.

"ಬೆಳಿಗ್ಗೆ ಚೆನ್ನಾಗಿದ್ನಲ್ಲೇ!"

"ಫೋಟೋ ಹಾಕಿದಾರೆ ನೋಡಿ ಹಾಜಿ! ಹೂವಿನ ಸಮೇತ!"

"ಇಷ್ಟು ಬೇಗ ಫೋಟೋ ಯಾರು ಮಾಡಿಸಿದ್ರು?"

"ಈಗೆಲ್ಲಾ ಕಂಪ್ಯೂಟರ್ ಅಲ್ವಾ" ಎಂದು ಒಬ್ಬ ಲಾರಿ ಡ್ರೈವರ್ ತಿಳಿಸಿಕೊಟ್ಟ. "ಪೇಟೆ ಆಫೀಸಿನವರಿಗೆ ಎಲ್ಲಾ ಮೊದಲೇ ಗೊತ್ತಾಗತ್ತೆ. ಬಂದು ಫೋಟೋ ಹಾಕಿ ಬೀಗ ಜಡಿದು ಹೋಗಿದಾರೆ, ಮನೆಯವರು ನೋಡಬಾರದು ಅಂತ." ಆಮೇಲೆ ಅವನಿಗೇ ಒಂದು ಸಂಶಯ ಬಂತು. "ಅಲ್ಲ ಹಾಜಿ, ನುಸ್ರತನೇ ಬೀಗ ಹಾಕಿ ಒಳಗೆ ಕೈ ಹಾಕಿದ್ರೆ, ಕರೆಂಟಿಲ್ಲದೆ ಮಶೀನು ಹ್ಯಾಗೆ ತಿರುಗತ್ತೆ?"

"ಹಣೆಬರಹ ತಿರುಗೋಕೆ ಕರೆಂಟ್ ಬೇಕೇನೋ?" ಎಂದು ಹಾಜಿ ಗದರಿದರು. ಡ್ರೈವರ್ ತನ್ನ ಹಣೆ ಮುಟ್ಟಿ ನೋಡಿಕೊಂಡು ಹಿಂದೆ ಸರಿದ.

ಆದರೂ ತೂಬಾ ಕೊನೆಯ ಆಸೆಯಿಂದ ತನ್ನ ಫೋನು ತೆಗೆದು ನುಸ್ರತನ ನಂಬರ್ ಒತ್ತಿದಳು. ಮಶೀನಿನ ಕಡೆಯಿಂದ ಆಜಾನ್ ಕೇಳಿಸಿತು. ಅದು ನುಸ್ರತನ ಫೋನಿನ ದನಿ. ಸಣ್ಣಗೆ, ಕಬ್ಬಿಣದ ಮರೆಯಿಂದ, ಪ್ರಾರ್ಥನೆಗೆ ಕರೆಯಿತು, ನಿಂತಿತು. ಯಾರೂ ಮಶೀನಿನ ಹಿಂದೆ ಹೋಗಿ ಮೊಳೆಗೆ ಸಿಕ್ಕಿಸಿದ್ದ ಕೋಟು ನೋಡಲಿಲ್ಲ. ಅಂಥ ಹೊತ್ತಿನಲ್ಲಿ ಮಶೀನಿನ ಹಿಂದೆ ಹೋಗುವ ಧೈರ್ಯ ನನಗೂ ಇರಲಿಲ್ಲ.

"ಒಳಗಿನಿಂದ!" ಎಂದು ತೂಬಾ ಕುಸಿದಳು.

ಮುಲ್ಲಾ ರಜಬ್ ಕಣ್ಣು ಮುಚ್ಚಿ, "ಪುಣ್ಯವಂತ. ಕೊನೆಯ ಗಳಿಗೆಯಲ್ಲೂ ಆಜಾನ್ ಬಿಡಲಿಲ್ಲ" ಎಂದರು.

ನುಸ್ರತನ ಹೆಂಡತಿ ಗುಲ್ನಿಸಾಳನ್ನು ಇಬ್ಬರು ಹಿಡಿದುಕೊಂಡು ಬಂದರು. ಅವಳು ಫೋಟೋದ ಮುಂದೆ ಕೂತು ಎದೆ ಬಡಿದುಕೊಂಡಳು. "ಗ್ಯಾಸ್ ಸಿಲಿಂಡರ್ ತರದೆ ನಿಮ್ಮ ಮುಖ ತೋರಿಸಬೇಡಿ ಅಂತ ಹೇಳಿ ಕಳಿಸಿದ್ನಲ್ರೀ! ನನ್ನ ನಾಲಿಗೆ ಸೀದುಹೋಗಲಿ! ಹತ್ತು ಸಲ ಹೇಳಿದ್ರೂ ಒಂದು ಮಾತು ಕೇಳದವರು ಇವತ್ತು ಇದೊಂದು ಮಾತು ಯಾಕೆ ಕೇಳಿದ್ರಿ?"

ಸತ್ತವರ ಬಗ್ಗೆ ನಮ್ಮೂರು ಎಂದೂ ಜಿಪುಣತನ ತೋರಿದ್ದಿಲ್ಲ. ಒಬ್ಬರು ನುಸ್ರತ್ ಸೂಫಿಯಂಥವನು ಎಂದರು. ಇನ್ನೊಬ್ಬರು ಅವನ ಕೈ ತಾಗಿದ ಮಶೀನು ಕೆಟ್ಟದ್ದೇ ಇಲ್ಲ ಎಂದರು. ಅದು ಅವರೆದುರಿಗೇ ಕೆಟ್ಟು ನಿಂತಿತ್ತು. ಹಾಜಿ ಯಾವರ್ ಕಣ್ಣೊರೆಸಿಕೊಳ್ಳುತ್ತ, "ಅಂಥ ಬುದ್ಧಿವಂತ ಇನ್ನು ಹುಟ್ಟಲ್ಲ" ಎಂದಾಗ ತೂಬಾ ಬಿಕ್ಕುತ್ತಲೇ, "ನಿನ್ನೆ ಕತ್ತೆ ಅಂದ್ರಲ್ಲ ಹಾಜಿ?" ಎಂದಳು.

"ಕತ್ತೆ ದೇವರ ಸೃಷ್ಟಿ ಅಲ್ವೇನಮ್ಮಾ?"

ಹೆಂಗಸರು ಶೆಡ್ಡಿನ ಹೊರಗೆ ಒಲೆ ಹೂಡಿ ಸಾವಿಗೆ ಹಂಚುವ ಹಲ್ವಾ ಮಗುಚತೊಡಗಿದರು. ಬೆಂದ ಹಿಟ್ಟಿನ, ಕೇಸರಿಯ ವಾಸನೆ ಎದ್ದಿತು. ಆದರೆ ಲಾರಿಗಳಲ್ಲಿ ಅವತ್ತೇ ಕಿತ್ತ ಪಿಸ್ತಾ ಬಿಸಿಲಿಗೆ ಬೇಯುತ್ತಿತ್ತು. ಅವತ್ತೇ ಸುಲಿಯದಿದ್ದರೆ ಚಿಪ್ಪಿಗೆ ಕಲೆ ಹತ್ತುತ್ತದೆ, ಆಮೇಲೆ ಅದನ್ನು ಆಡಿಗೂ ಹಾಕುವಂತಿಲ್ಲ. ಹಾಜಿ ಎಂಜಿನಿಯರ್‌ಗೆ ಫೋನು ಮಾಡಿದರು. ನಮ್ಮಲ್ಲಿ ಸತ್ತ ಎಂಬ ಶಬ್ದವನ್ನು ಥಟ್ಟನೆ ಬಾಯಿಗೆ ತರುವುದಿಲ್ಲ, ಅದು ಮರ್ಯಾದೆಯಲ್ಲ.

"ಸಾಹೇಬ್ರೇ, ಮಶೀನಿಗೆ ನುಸ್ರತನ ಬೀಗ ಬಿದ್ದಿದೆ."

"ಭೇಷ್! ತುಂಬಾ ಸಂತೋಷ."

ಹಾಜಿ ಫೋನನ್ನು ಕಿವಿಯಿಂದ ದೂರ ಹಿಡಿದು ಒಮ್ಮೆ ನೋಡಿದರು. "ನುಸ್ರತ್ ಇನ್ನು ಬರೋ ಹಾಗಿಲ್ಲ ಸಾಹೇಬ್ರೇ."

"ಎಲ್ರೂ ಹೀಗೇ ಹೇಳ್ತಾರೆ. ಬಂದೇ ಬರ್ತಾನೆ, ಕಾಯಿರಿ. ಅವನೇ ಬಂದು ಅವನ ಕೈಯಾರೆ ತೆಗೀಬೇಕು."

"ಅವನು ದೇವರ ಹತ್ತಿರ ಹೋಗಿದಾನೆ!"

"ನಮಾಜು ಮುಗಿಸಿ ಬರಲಿ ಬಿಡಿ. ಅಲ್ಲೀವರೆಗೆ ಬೀಗ ಮುಟ್ಟಿದವರನ್ನ ಜೈಲಿಗೆ ಹಾಕಿಸ್ತೀನಿ. ನೀವಾದ್ರೂ ಅಷ್ಟೇ, ಹಾಜಿ."

ಹಾಜಿ ಫೋನು ಇಟ್ಟು ಜನರ ಕಡೆ ತಿರುಗಿದರು. "ಓದಿದವರಿಗೆ ಎದೆ ಅನ್ನೋದೇ ಇಲ್ಲ. ಹೋದವನೇ ಎದ್ದು ಬಂದು ಬೀಗ ತೆಗೀಬೇಕಂತೆ."

"ಹಾಗಾದ್ರೆ ಸತ್ತವರೆಲ್ಲಾ ಏಳೋ ಕಿಯಾಮತ್ತಿನ ದಿನದವರೆಗೆ ಕಾಯಬೇಕು" ಎಂದರು ಮುಲ್ಲಾ ರಜಬ್.

"ನಾನು ಕಾಯ್ತೀನಿ ಮುಲ್ಲಾ. ಪಿಸ್ತಾ ಕಾಯಬೇಕಲ್ಲ?"

ಹಾಜಿ ಕಬ್ಬಿಣ ಕತ್ತರಿಸುವ ದೊಡ್ಡ ಕತ್ತರಿ ತರಿಸಿದರು. ಬೀಗದ ಕೊಂಡಿಗೆ ಅದರ ಬಾಯಿ ತಾಗಿಸುವ ಹೊತ್ತಿಗೆ ಜನ ಇಬ್ಭಾಗವಾಗಿ ದಾರಿ ಬಿಟ್ಟರು. ಸಫ್ದರ್ ಬಂದಿದ್ದ.

ಬೆರಳು ಹೋದ ದಿನದಿಂದ ಅವನು ಆ ಶೆಡ್ಡಿನ ಹೊಸ್ತಿಲು ತುಳಿದಿರಲಿಲ್ಲ. ತೋಟದಿಂದ ಹಾಗೆಯೇ ಬಂದಿದ್ದ. ಕಾಲಲ್ಲಿ ಮಣ್ಣು, ಸೊಂಟದಲ್ಲಿ ಕೊಂಬೆ ಸವರುವ ಕತ್ತಿ. ಫೋಟೋ ನೋಡಿದ. ಚಪ್ಪಲಿ ನೋಡಿದ. ಒಂದು ಖಾಲಿ ಪೆಟ್ಟಿಗೆ ಕವುಚಿ ಹಾಕಿ ಬೀಗಕ್ಕೆ ಅಡ್ಡವಾಗಿ ಕೂತ.

"ಕತ್ತರಿ ಕೆಳಗಿಡು, ಹಾಜಿ."

"ಪಿಸ್ತಾ ಕಪ್ಪಾಗ್ತಿದೆ ಕಣೋ. ನಿನ್ನ ತಮ್ಮನಿಗೆ ಮಣ್ಣೂ ಆಗಬೇಕಲ್ಲ!"

"ಅವನ ಬೀಗ ಅವನೇ ತೆಗೀಬೇಕು ಅಂತ ತಾನೇ ಎಂಜಿನಿಯರ್ ಹೇಳಿದ್ದು?"

"ಅವನು ಹೋದನಲ್ಲಪ್ಪಾ!"

"ಹೋದವನ ಬೀಗಕ್ಕಾದ್ರೂ ಬೆಲೆ ಇರಲಿ. ಇದ್ದಾಗಂತೂ ಅವನಿಗೆ ನಾನು ಕೊಡಲಿಲ್ಲ."

ಇದೇ ಹೊತ್ತಿಗೆ ಶೆಡ್ಡಿನ ಹಿಂಬಾಗಿಲಿನಿಂದ ನುಸ್ರತ್ ಒಳಗೆ ಬಂದ. ಪೇಟೆಯಲ್ಲಿ ಅಂಗಡಿಯವನು ಮಧ್ಯಾಹ್ನದ ನಿದ್ದೆ ಮುಗಿಸುವವರೆಗೆ ಕಾದು, ಹೊಸ ಬೆಲ್ಟನ್ನು ಹಾರದಂತೆ ಕೊರಳಿಗೆ ಹಾಕಿಕೊಂಡು ಬಂದಿದ್ದ. ಎಲ್ಲರ ಬೆನ್ನೂ ಅವನ ಕಡೆಗಿತ್ತು. ಹಲ್ವಾದ ತಟ್ಟೆ ಹಿಡಿದ ತೂಬಾ ಕಣ್ಣೀರು ತುಂಬಿ, ತಲೆ ಎತ್ತದೆ ಅವನಿಗೂ ಒಂದು ತುತ್ತು ಕೊಟ್ಟಳು.

"ತಗೊಳ್ಳಪ್ಪಾ. ಫಾತಿಹಾ ಓದು."

"ಯಾರು ಹೋದ್ರು ಅಕ್ಕಾ?"

"ನುಸ್ರತ್."

"ಯಾವ ನುಸ್ರತ್?"

"ನಮ್ಮ ನುಸ್ರತ್ ಕಣಪ್ಪಾ, ಮಶೀನಿನವನು. ಗುಲ್ನಿಸಾಳ ಗಂಡ."

"ಅಯ್ಯೋ ಪಾಪ!" ಎಂದ ನುಸ್ರತ್. ಅವನ ಕಣ್ಣು ತುಂಬಿಬಂದವು.

ನೀವು ನಗಬಹುದು. ಆದರೆ ಇಡೀ ಊರು ಸೇರಿ, ಫೋಟೋ ಇಟ್ಟು, ಹಲ್ವಾ ಮಾಡಿ, ನೀವು ಸತ್ತಿದ್ದೀರಿ ಎಂದು ಹೇಳಿದರೆ ಇಲ್ಲ ಎನ್ನುವುದಕ್ಕೆ ದೊಡ್ಡ ಗುಂಡಿಗೆ ಬೇಕು. ನುಸ್ರತ್ ಎಂದೂ ಊರಿನ ಮಾತಿಗೆ ಎದುರಾಡಿದವನಲ್ಲ. ಹಲ್ವಾ ಬಾಯಿಗಿಟ್ಟು, ಕೈಯೆತ್ತಿ, ತನ್ನ ಆತ್ಮಕ್ಕೆ ತಾನೇ ಒಂದು ಫಾತಿಹಾ ಓದಿ ಮುಗಿಸಿದ. ಮುಗಿಸಿ, ಏನೋ ತಪ್ಪಾಗಿದೆಯಲ್ಲ ಎಂದು ತಲೆ ಕೆರೆದುಕೊಳ್ಳುವಾಗ ಮುಂದಿನಿಂದ ಅಣ್ಣನ ದನಿ ಕೇಳಿಸಿತು. ಎಷ್ಟೋ ಸುಗ್ಗಿ ಕೇಳದ ದನಿ. ನುಸ್ರತ್ ನಿಂತಲ್ಲೇ ನಿಂತ.

ಸಫ್ದರ್ ಜನರ ಕಡೆ ನೋಡುತ್ತಿರಲಿಲ್ಲ. ಫೋಟೋದ ಜೊತೆ ಮಾತಾಡುತ್ತಿದ್ದ.

"ಎಲ್ರೂ ಕೇಳಿಸ್ಕೊಳ್ಳಿ, ತಪ್ಪು ಇವನೊಬ್ಬನದೇ ಅಲ್ಲ. ಕಡ್ಡಿ ತೆಗೆದಾಯ್ತು ಅಂತ ನಾನೇ ಕೂಗಿದ್ದೆ. ಕೂಗಿದ ಮೇಲೆ ಇನ್ನೊಂದು ಕಡ್ಡಿ ಕಂಡಿತು. ಮತ್ತೆ ಕೈ ಹಾಕಿದೆ. ಇವನಿಗೇನು ಗೊತ್ತು? ಆಸ್ಪತ್ರೆ ಬಾಗಿಲಲ್ಲಿ ನಿಂತು ಬಂದವರಿಗೆಲ್ಲಾ ನಂದೇ ತಪ್ಪು, ನಂದೇ ತಪ್ಪು ಅಂದ. ನಾನು ಸುಮ್ನಿದ್ದೆ. ಮೊದಲು ಕೋಪಕ್ಕೆ ಮಾತು ಬಿಟ್ಟೆ. ಆಮೇಲೆ ನಾಚಿಕೆಗೆ. ಆಮೇಲೆ ಅದೇ ರೂಢಿ ಆಗಿಹೋಯ್ತು. ಪ್ರತಿ ನೌರೋಜಿಗೂ ಇವನು ಬಂದು ಕೂತಾಗ, ಈ ಸಲ ಹೇಳಿಬಿಡೋಣ ಅಂದ್ಕೊಳ್ತಿದ್ದೆ. ಚಹಾ ಆರಿಹೋಗೋದು. ಇವನು ಎದ್ದು ಹೋಗೋನು. ಹೋಗುವಾಗ ಬಾಗಿಲಲ್ಲಿ ಒಂದು ಸಲ ತಿರುಗಿ ಅಣ್ಣಾ ಅಂತ ಕರೆದಿದ್ರೆ..."

"ಅಣ್ಣಾ" ಎಂದಿತು ಹಿಂದಿನ ಸಾಲು.

ಮೊದಲು ತೂಬಾ ತಿರುಗಿದಳು. ಹಲ್ವಾದ ತಟ್ಟೆ ನೆಲಕ್ಕೆ ಬಿತ್ತು. ಹಾಜಿ ಯಾವರ್ ಕೈಯಿಂದ ಕತ್ತರಿ ಜಾರಿ ಅವರ ಕಾಲಿನ ಮೇಲೆಯೇ ಬಿತ್ತು. ಸಾವಿನ ಮನೆಯಲ್ಲಿ ಅಂಥ ಬೈಗುಳ ಅದಕ್ಕೆ ಮುಂಚೆ ಯಾರೂ ಕೇಳಿರಲಿಲ್ಲ. ಮುಲ್ಲಾ ರಜಬ್ ಕಲಿಮಾ ಓದುತ್ತ ಕಂಬದ ಮರೆಗೆ ಸರಿದರು. ಗುಲ್ನಿಸಾ ಮಾತ್ರ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಓಡಿಬಂದು ಅವನ ಎದೆಗೆ ಎರಡೂ ಕೈಯಿಂದ ಗುದ್ದಿ, "ಸಿಲಿಂಡರ್ ಎಲ್ಲಿ?" ಎಂದು ಕೇಳಿ ಗೋಳೋ ಎಂದು ಅತ್ತಳು.

ನಡೆದದ್ದೇನೆಂದು ನುಸ್ರತ್ ಬೆಲ್ಟು ಎತ್ತಿ ತೋರಿಸುತ್ತ ತೊದಲಿದ. ಜನ ನಕ್ಕರು, ಬೈದರು, ಮುಟ್ಟಿ ನೋಡಿದರು. ನಕ್ಕು ಮುಗಿದ ಮೇಲೆ ಎಲ್ಲರ ಕಣ್ಣೂ ಸಫ್ದರನ ಕಡೆ ತಿರುಗಿದವು. ಅವನು ಇನ್ನೂ ತಿರುಗಿರಲಿಲ್ಲ. ಕಿವಿಯವರೆಗೆ ಕೆಂಪೇರಿತ್ತು. ಸತ್ತವನಿಗೆಂದು ಬಿಚ್ಚಿಟ್ಟದ್ದನ್ನು ಬದುಕಿರುವವನು ಕೇಳಿಸಿಕೊಂಡುಬಿಟ್ಟರೆ ಮನುಷ್ಯ ಮುಖ ಎಲ್ಲಿಡಬೇಕು? ಅವನು ಎದ್ದ, ಪೈಜಾಮ ಕೊಡವಿದ, ಪೆಟ್ಟಿಗೆ ಪಕ್ಕಕ್ಕೆ ಸರಿಸಿದ.

"ಹಾಜಿ, ಬೀಗ ತೆಗೀಲಿಕ್ಕೆ ಹೇಳು ಅವನಿಗೆ" ಎಂದ.

ಹಾಜಿ ಒಂಟಿ ಕಾಲಲ್ಲಿ ನಿಂತು, "ಬೀಗ ತೆಗಿಯೋ" ಎಂದರು.

"ತೆಗೀತೀನಿ ಅಂತ ಹೇಳಿ ಹಾಜಿ" ಎಂದ ನುಸ್ರತ್.

ಊರು ತಲೆತಗ್ಗಿಸಿತು. ನುಸ್ರತ್ ಬೆಲ್ಟು ಕೂಡಿಸಿದ, ಎಲ್ಲರನ್ನೂ ಹಿಂದೆ ಸರಿಸಿದ, ಮಶೀನಿನ ಸುತ್ತ ಒಂದು ಸಲ ನಡೆದು ಬಂದ, ಮತ್ತೊಂದು ಸಲ ನಡೆದು ಬಂದ, ಕೊರಳಿನ ಕೀಲಿಯಿಂದ ಬೀಗ ತೆಗೆದ. ಮಶೀನು ಹೊರಟಿತು. ಲಾರಿಗಳು ಒಂದೊಂದೇ ಖಾಲಿಯಾದವು. ಯಾರ ಪಿಸ್ತಾವೂ ಕೆಡಲಿಲ್ಲ. ಕೆಟ್ಟದ್ದು ಅಣ್ಣತಮ್ಮಂದಿರ ಮಾತು, ಅದರ ಸಿಪ್ಪೆ ಸುಲಿಯುವ ಮಶೀನು ನಮ್ಮ ಸಂಘದಲ್ಲಿ ಇರಲಿಲ್ಲ.

ಉಳಿದದ್ದು ಹಲ್ವಾದ ಕಡಾಯಿ. ಅದನ್ನು ಏನು ಮಾಡಬೇಕು ಎಂದು ಚರ್ಚೆ ಎದ್ದಿತು. ಮನೆಗೆ ಹೊತ್ತುಕೊಂಡು ಹೋಗೋಣ ಎಂದಳು ಗುಲ್ನಿಸಾ. ಮುಲ್ಲಾ ರಜಬ್ ಕಂಬದ ಮರೆಯಿಂದ ಹೊರಬಂದು ಗಂಟಲು ಸರಿಮಾಡಿಕೊಂಡರು.

"ಫಾತಿಹಾ ಓದಿದ ಹಲ್ವಾ ತಾಯೀ, ಓದಿದ್ದನ್ನ ವಾಪಸು ತಗೊಳ್ಳೋಕಾಗಲ್ಲ. ಅದು ಸತ್ತವರೊಬ್ಬರಿಗೆ ಸೇರಲೇಬೇಕು. ಇವತ್ತು ಗುರುವಾರ, ಸತ್ತವರನ್ನ ನೆನೆಯೋ ದಿನ. ಇವರ ತಾಯಿಯ ಗೋರಿಗೆ ತಗೊಂಡು ಹೋಗಲಿ. ಮಕ್ಕಳಿಬ್ಬರೂ ಹೋಗಲಿ" ಎಂದು, ಧರ್ಮಗ್ರಂಥದಲ್ಲಿ ಇದ್ದರೂ ಇಲ್ಲದಿದ್ದರೂ ಹಾಗೇ ಹೇಳಿದರು. ಅವರು ಆ ದಿನ ಆಡಿದ ಮಾತುಗಳಲ್ಲಿ ದೇವರು ಮೆಚ್ಚುವಂಥದು ಅದೊಂದೇ ಎಂದು ನನ್ನ ಎಣಿಕೆ.

ಕಡಾಯಿಯ ಒಂದು ಕಿವಿ ಅಣ್ಣ ಹಿಡಿದ, ಇನ್ನೊಂದು ತಮ್ಮ ಹಿಡಿದ. ಸಂಜೆ ಬಿಸಿಲಿನಲ್ಲಿ ಗೋರಿಗಳ ಕಡೆ ನಡೆದರು. ಹಲ್ವಾ ಹಂಚಲು ತೂಬಾಳೂ ನಾನೂ ದೂರದಲ್ಲಿ ಹಿಂದೆ ಹೋದೆವು. ಗುರುವಾರದ ಸಂಜೆ, ಅಲ್ಲಿ ಇನ್ನೂ ನಾಲ್ಕಾರು ಮನೆಯವರು ತಮ್ಮವರ ಕಲ್ಲು ತೊಳೆಯುತ್ತಿದ್ದರು.

ಇಬ್ಬರೂ ತಾಯಿಯ ಕಲ್ಲಿನ ಆಚೆಗೊಬ್ಬ ಈಚೆಗೊಬ್ಬ ಕೂತರು. ನಮ್ಮ ಕಡೆಯ ರೂಢಿಯಂತೆ ಕಲ್ಲಿಗೆ ಬೆರಳು ತಟ್ಟಿ ಫಾತಿಹಾ ಓದಿದರು. ನುಸ್ರತ್ ನಡುವೆ ಓದು ನಿಲ್ಲಿಸಿದ. ಅಣ್ಣನ ಆ ಕೈಯನ್ನು ಅಷ್ಟು ಹತ್ತಿರದಿಂದ ನೋಡಿ ಎಷ್ಟೋ ಕಾಲವಾಗಿತ್ತು.

"ಅಮ್ಮಾ" ಎಂದ ಸಫ್ದರ್ ಕಲ್ಲಿಗೆ, "ಇವನಿಗೆ ಹೇಳು. ಹೊರಗೆ ಹೋಗುವಾಗ ಯಾರಿಗಾದ್ರೂ ಒಂದು ಮಾತು ಹೇಳಿ ಹೋಗಬೇಕು."

"ಅಮ್ಮಾ" ಎಂದ ನುಸ್ರತ್ ಅದೇ ಕಲ್ಲಿಗೆ, "ಅಣ್ಣನಿಗೆ ಹೇಳು. ತಪ್ಪಾಯ್ತು. ಇವತ್ತಿಂದೂ, ಅವತ್ತಿಂದೂ."

"ಅಮ್ಮಾ, ಅವತ್ತಿಂದು ಅವನದಲ್ಲ ಅಂತ ಹೇಳು."

ಬದುಕಿದ್ದಷ್ಟು ದಿನ ಮುದುಕಿಯ ಕೆಲಸ ಇದೇ ಆಗಿತ್ತು. ಕೋಲೂರಿಕೊಂಡು ಈ ಮನೆಯಿಂದ ಆ ಮನೆಗೆ ಮಾತು ಹೊರುತ್ತಿದ್ದಳು. ಅಣ್ಣನ ಬಿರುಸನ್ನು ದಾರಿಯಲ್ಲಿ ತುಸು ಉದುರಿಸಿ ತಮ್ಮನಿಗೆ ತಲುಪಿಸುವಳು, ತಮ್ಮನ ಅಳುವನ್ನು ತುಸು ಒರೆಸಿ ಅಣ್ಣನಿಗೆ ಕೊಡುವಳು. ನಾನು ಹೋಗೋ ಮೊದಲು ನೀವಿಬ್ಬರೂ ಒಂದು ಸಲ ನೇರ ಮಾತಾಡಿ ಮಕ್ಕಳೇ ಎಂದು ಕೇಳಿಕೊಂಡಿದ್ದಳು. ನಾಳೆ ಅಮ್ಮಾ ಎಂದಿದ್ದರು ಇಬ್ಬರೂ, ಬೇರೆ ಬೇರೆ ಮನೆಯಲ್ಲಿ.

ಕಲ್ಲು ಯಾರಿಗೂ ಏನೂ ಹೇಳಲಿಲ್ಲ. ಆಚೆಯ ಗೋರಿಯಲ್ಲಿ ಯಾರೋ ನೀರು ಸುರಿದ ಸದ್ದಾಯಿತು. ಸಫ್ದರ್ ಬಹಳ ಹೊತ್ತು ಕಾದ, ನಿಜವಾಗಿಯೂ ಯಾರೋ ಮಾತು ಮುಟ್ಟಿಸಿ ಬರಬೇಕೆಂಬಂತೆ. ಆಮೇಲೆ ತಲೆ ಎತ್ತಿ ತಮ್ಮನ ಮುಖವನ್ನು ನೇರ ನೋಡಿದ.

"ಅವಳು ಹೇಳಲ್ಲ ಕಣೋ, ನುಸ್ರತ್" ಎಂದ. "ಈ ಕಡೆ ಬಾ."